ಅಚ್ಚಮ್ಮನ ಶುಗರ್ರು, ಮಾವನ ಜೇಬು

ನನ್ನ ಸೋದರಮಾವನಿಗೆ ಹುಚ್ಚು ಎಂದು ಯಾರಾದರೂ ಹೇಳಿದರೆ ನಾನು ಖಂಡಿತ ಒಪ್ಪುವುದಿಲ್ಲ. ಹುಚ್ಚಿಗೆ ಹೊತ್ತುಗೊತ್ತು ಇರುವುದಿಲ್ಲ. ಮಾವನದು ಬೆಳಿಗ್ಗೆ ಏಳಕ್ಕೆ ಒಮ್ಮೆ, ಸಂಜೆ ಏಳಕ್ಕೆ ಒಮ್ಮೆ, ಗಡಿಯಾರ ನೋಡಿಕೊಂಡು ಬರುತ್ತದೆ! ಆ ಎರಡು ಹೊತ್ತಿನಲ್ಲಿ ಹಿಂದೂಪುರದ ಅವರ ಮನೆಗೆ ಯಾರೇ ಹೋಗಲಿ, ಬೀಗರೇ ಆಗಲಿ ಸ್ವಾಮಿಗಳೇ ಆಗಲಿ, ಜಗುಲಿಯಲ್ಲೇ ನಿಲ್ಲಬೇಕು. ಒಳಗೆ ಅಚ್ಚಮ್ಮನವರಿಗೆ ಇನ್ಸುಲಿನ್ ನಡೆಯುತ್ತಿರುತ್ತದೆ. ಅಚ್ಚಮ್ಮನವರು ಎಂದರೆ ಮಾವನ ತಾಯಿಯಲ್ಲ, ಅಕ್ಕನಲ್ಲ. ಬೆಕ್ಕು!

ಮಾವ ಬೆಲ್ಲದ ವ್ಯಾಪಾರಿ. ಬೆಲ್ಲದ ಉಂಡೆಯನ್ನು ಉಗುರಿನಿಂದ ಒಮ್ಮೆ ಗೀರಿ, ಇದು ಯಾವ ಊರಿನ ಗಾಣದ್ದು ಎಂದು ಹೇಳಬಲ್ಲರು. ಹೇಳಿದ್ದು ತಪ್ಪಾದರೆ ಊರೇ ಸುಳ್ಳು ಹೇಳುತ್ತಿದೆ ಎನ್ನುವರು. ಅವರ ಗೋದಾಮಿನ ಇಲಿ ಹಿಡಿಯಲಿ ಎಂದು ಅತ್ತೆ ಎಲ್ಲಿಂದಲೋ ಒಂದು ಮರಿ ತಂದರು. ಅದರ ಮೈ ಅಚ್ಚುಬೆಲ್ಲದ ಬಣ್ಣವಾದ್ದರಿಂದ ಅಚ್ಚಮ್ಮ ಎಂದು ಹೆಸರಿಟ್ಟರು. ಆದರೆ ಅದು ದಿನವೂ ಲಿಂಗಪೂಜೆ ನಡೆಯುವ ಮನೆ. ಇಲಿ ಹಿಡಿಯಲು ಬಂದ ಬೆಕ್ಕನ್ನು ಆರು ತಿಂಗಳಲ್ಲಿ ಸಸ್ಯಾಹಾರಿ ಮಾಡಿ, ಹಣೆಗೆ ವಿಭೂತಿ ಹಚ್ಚಿ ಕೂರಿಸಿದರು! ಇಲಿಗಳು ಬೆಲ್ಲ ತಿಂದುಕೊಂಡು ಸುಖವಾಗಿದ್ದವು. ಅಚ್ಚಮ್ಮನೂ ಬೆಲ್ಲದ ಹಾಲು ಕುಡಿದುಕೊಂಡು ಸುಖವಾಗಿದ್ದಳು.

ಎರಡು ವರ್ಷದ ಹಿಂದೆ ಬೆಂಗಳೂರಿನಿಂದ ಬರುವಾಗ ಅತ್ತೆ ಬಸ್ಸಿನಲ್ಲೇ ಹೋಗಿಬಿಟ್ಟರು. ಹಾರ್ಟು ಎಂದರು ಮಾವ. ಅತ್ತೆಗೆ ಮೊದಲಿನಿಂದ ಶುಗರ್ ಇತ್ತು, ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರು. ಅಂಥವರ ಹಾರ್ಟು ಹಾಗೇ ಎಂದು ನಾವೆಲ್ಲ ತಲೆಯಾಡಿಸಿದೆವು. ಆಮೇಲೆ ಅತ್ತೆಯ ಕೋಣೆಯಿಂದ ಮಾವನ ಮಡಿಲಿಗೆ ಬಂದು ಕೂತ ಅಚ್ಚಮ್ಮ ಅಲ್ಲಿಂದ ಕದಲಲಿಲ್ಲ. ಅವಳ ಹಾಲಿಗೆ ಬೀಳುವ ಬೆಲ್ಲ ಮಾತ್ರ ದುಪ್ಪಟ್ಟಾಯಿತು.

ಒಂದು ದಿನ ನೋಡಿದರೆ ಬೆಕ್ಕು ಕೊಡಗಟ್ಟಲೆ ನೀರು ಕುಡಿಯುತ್ತಿದೆ, ಮೈ ಇಳಿಯುತ್ತಿದೆ, ಗೋಣಿಚೀಲಗಳನ್ನೆಲ್ಲ ಒದ್ದೆ ಮಾಡುತ್ತಿದೆ. ಮಾವ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ಓಡಿದರು. ಎಮ್ಮೆ, ಕುರಿಗಳ ಸಾಲಿನಲ್ಲಿ ನಿಂತು ಅವರ ಸರದಿ ಬಂದಾಗ ಡಾಕ್ಟರು ರಕ್ತ ನೋಡಿ, "ಇದಕ್ಕೆ ಶುಗರ್ರಯ್ಯಾ. ಏಂ ಪೆಡ್ತಾರು ದೀನಿಕಿ, ತಿನ್ನೋಕೆ ಏನ್ ಇಕ್ತೀರಿ?" ಎಂದು ಕೇಳಿದರಂತೆ.

"ಹಾಲು ಅನ್ನ ಸಾರ್, ಬೆಲ್ಲ ಹಾಕಿ. ಸೋಮವಾರ ಪಾಯಸ. ಹಬ್ಬ ಬಂದ್ರೆ ಹೋಳಿಗೆ."

"ಬೆಕ್ಕಿಗೆ ಬೆಲ್ಲ ಯಾಕಯ್ಯಾ?"

"ಬೆಲ್ಲದೋರ ಮನೆ ಬೆಕ್ಕು ಸಾರ್. ಸಪ್ಪೆ ಹಾಲು ಇಕ್ಕಿದ್ರೆ ನೋಡ್ದೋರು ಏನಂದ್ಕೋತಾರೆ?"

ಡಾಕ್ಟರು ತಲೆ ಚಚ್ಚಿಕೊಂಡು, ಬೆಕ್ಕಿನ ನಾಲಿಗೆಗೆ ಸಿಹಿ ಅನ್ನುವ ರುಚಿಯೇ ತಿಳಿಯುವುದಿಲ್ಲ ಎಂದು ಹೇಳಿದರು. ರೋಗದ ಸುದ್ದಿಗಿಂತ ಈ ಸುದ್ದಿ ಮಾವನಿಗೆ ಹೆಚ್ಚು ಪೆಟ್ಟು ಕೊಟ್ಟಿತು. ಕಲ್ಯಾಣದುರ್ಗದಲ್ಲಿ ಮೇಷ್ಟ್ರಿಕೆ ಮಾಡಿಕೊಂಡಿರುವ ನನಗೆ ಆ ಸಂಜೆಯೇ ಫೋನು ಬಂತು.

"ಒಂದನೇ ನಂಬರ್ ಬೆಲ್ಲ ಕಣಮ್ಮ! ಎಂಟು ವರ್ಷ! ನಂಗೆ ರುಚಿ ಗೊತ್ತಾಗಲ್ಲ ಅಂತ ಒಂದಿನಾನಾದ್ರೂ ಬಾಯ್ಬುಟ್ಟಳಾ ನೋಡು!"

ಬೆಕ್ಕು ಬಾಯಿ ಬಿಟ್ಟು ಹೇಳಬೇಕಿತ್ತು ಎಂದು ಅವರ ಆಕ್ಷೇಪಣೆ.

ಬೆಕ್ಕಿನ ಕತ್ತಿನ ಹಿಂದಿನ ಚರ್ಮ ಎತ್ತಿ ಹಿಡಿದು ಸೂಜಿ ಚುಚ್ಚುವುದನ್ನು ಡಾಕ್ಟರು ಕಲಿಸಿಕೊಟ್ಟರು. ಮನೆಯಲ್ಲಿ ಕೈ ಪಳಗಿಸಿಕೊಳ್ಳಲು ಮಾವ ಬದನೆಕಾಯಿ ಆರಿಸಿಕೊಂಡರು. ಎರಡು ಕೆಜಿ ಬದನೆಕಾಯಿಗೆ ಬರೀ ನೀರು ತುಂಬಿದ ಸಿರಿಂಜಿನಿಂದ ಒಂದೊಂದಾಗಿ ಚುಚ್ಚಿ, ಪ್ರತಿಯೊಂದಕ್ಕೂ "ನೋವಾಯ್ತಾ?" ಎಂದು ಕೇಳಿದರಂತೆ. ಅದೇ ಭಾನುವಾರ ನಾನು ಹಿಂದೂಪುರಕ್ಕೆ ಹೋಗಿದ್ದೆ. ಮಧ್ಯಾಹ್ನ ಎಣ್ಣೆಗಾಯಿ ಬಡಿಸಿದರು. ಬಾಯಿಗಿಟ್ಟರೆ ನೀರು ಚಿಮ್ಮಿತು! ಇದೇನು ಮಾವ ಎಂದರೆ, "ಟ್ರೀಟ್ಮೆಂಟ್ ಆಗಿರೋ ಬದನೆಕಾಯಿ, ತಿನ್ನು, ಏನೂ ಆಗಲ್ಲ" ಎಂದರು.

ಕಿವಿಯ ಅಂಚಿಗೆ ಚುಚ್ಚಿ ಒಂದು ಹನಿ ರಕ್ತ ತೆಗೆದು ಶುಗರ್ ನೋಡಲು ಅತ್ತೆಯ ಹಳೆಯ ಮಿಷನ್ನೇ ಇತ್ತು. ಮಾವ ಪ್ರತಿ ದಿನ ಬೆಳಿಗ್ಗೆ ಕಾಲೇಜು ಮೈದಾನದಲ್ಲಿ ವಾಕಿಂಗ್ ಹೋಗುತ್ತಾರೆ. ಅಲ್ಲಿ ನಡೆಯುವವರಿಗಿಂತ ನಿಂತು ತಮ್ಮ ತಮ್ಮ ಶುಗರ್ ಹೇಳಿಕೊಳ್ಳುವವರೇ ಹೆಚ್ಚು. ಮಾವ ಅವರ ನಡುವೆ ನಿಂತು, "ನಮ್ದು ನಾನೂರಿತ್ತು, ಒಂದೇ ತಿಂಗಳಲ್ಲಿ ನೂರಾ ಎಂಬತ್ತಕ್ಕೆ ಬಂದ್ಬುಡ್ತು" ಎಂದು ಎದೆ ಉಬ್ಬಿಸಿದರು. ರಿಟೈರ್ಡ್ ಹೆಡ್‌ಮಾಸ್ತರರೊಬ್ಬರು ಆಸೆಯಿಂದ, ಯಾವ ಡಾಕ್ಟರಿಗೆ ತೋರಿಸುತ್ತಿದ್ದೀರಿ ಎಂದು ಕೇಳಿದರು. "ಪಶು ಆಸ್ಪತ್ರೇಲಿ" ಎಂದರು ಮಾವ. ಮರುದಿನದಿಂದ ಹೆಡ್‌ಮಾಸ್ತರರು ಮೈದಾನದ ಆಚೆ ತುದಿಯಲ್ಲಿ ನಡೆಯುತ್ತಿದ್ದಾರೆ!

ಇಷ್ಟರಲ್ಲಿ ಮುಗಿದಿದ್ದರೆ ಚೆನ್ನಾಗಿತ್ತು. ಹಾಲು, ಅನ್ನ, ಬೆಲ್ಲ ಎಲ್ಲ ಬಂದ್ ಮಾಡಿ ಮಾಂಸವನ್ನೇ ಹಾಕಬೇಕು, ತಿಂದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಸೂಜಿ ಚುಚ್ಚಬೇಕು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಲಿಂಗಪೂಜೆಯ ಮನೆಯಲ್ಲಿ ಕೋಳಿಯೇ? ಮಾವ ಮೂರು ದಿನ ಯೋಚಿಸಿ, ಎದುರು ಮನೆಯ ಆಟೋ ಡ್ರೈವರನ ಹೆಂಡತಿಯ ಹತ್ತಿರ ಅಚ್ಚಮ್ಮನಿಗೆ ಎರಡು ಹೊತ್ತಿನ ಮೆಸ್ಸು ಗೊತ್ತು ಮಾಡಿದರು. ಬೆಳಿಗ್ಗೆ ಏಳಕ್ಕೆ ಮುಂಚೆ ಬೆಕ್ಕನ್ನು ಎತ್ತಿಕೊಂಡು ಹೋಗಿ ಆ ಮನೆಯ ಹೊಸ್ತಿಲೊಳಗೆ ಬಿಟ್ಟು, ತಾವು ಬೀದಿಗೆ ಮುಖ ಮಾಡಿ ನಿಲ್ಲುವರು.

"ತಿಂದ್ಳಾ?"

"ತಿಂಟೋಂದಿ ಅಣ್ಣಾ."

"ಪೂರ್ತಿ ತಿಂದ್ಳಾ ನೋಡಮ್ಮಾ?"

"ತಿನೇಸಿಂದಿ ಅಣ್ಣಾ, ಪ್ಲೇಟು ಕೂಡ ನೆಕ್ಕಿಬುಟ್ಲು!"

ಆಗ ಮಾವ ತಿರುಗಿ, ಮನೆಯ ಬಾಗಿಲಲ್ಲಿ ಬೆಕ್ಕಿನ ಮೂತಿ ತೊಳೆದು, ವಿಭೂತಿ ಹಚ್ಚಿ, ಒಳಗೆ ಕರೆದುಕೊಂಡು ಸೂಜಿ ಹಾಕುವರು. ಧರ್ಮಕ್ಕೂ ಭಂಗವಿಲ್ಲ, ಶುಗರ್ರಿಗೂ ಭಂಗವಿಲ್ಲ.

ಈಗ ಜೇಬಿನ ವಿಷಯ ಹೇಳಬೇಕು. ಮಾವನಿಗೂ ಶುಗರ್ ಇದೆ. ದಿನಕ್ಕೊಂದು ಮಾತ್ರೆ ನುಂಗುತ್ತಾರೆ, ಸಿಹಿ ಮುಟ್ಟುವುದಿಲ್ಲ ಎಂದು ಎಲ್ಲರೆದುರು ಕೈಯಾಡಿಸುತ್ತಾರೆ. ಹೋದ ವರ್ಷ ನಮ್ಮ ಮನೆಗೆ ಬಂದಾಗ ಅವರ ಅಂಗಿ ಒಗೆಯಲು ತೆಗೆದುಕೊಂಡರೆ, ಎದೆಯ ಜೇಬಿನಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ನೆಲ್ಲಿಕಾಯಿ ಗಾತ್ರದ ಬೆಲ್ಲ! ಕಳ್ಳ ಸಿಕ್ಕಿಬಿದ್ದ!

"ಏನ್ ಮಾವ ಇದು?"

"ಸ್ಯಾಂಪಲ್ಲು ಕಣಮ್ಮ, ಕೊಡಿಲ್ಲಿ" ಎಂದು ಕಿತ್ತುಕೊಂಡು ಬೇರೆ ಅಂಗಿಯ ಜೇಬಿಗೆ ಹಾಕಿಕೊಂಡರು.

ನಾನು ಸುಮ್ಮನಿರುವವಳೇ? ಒಂದು ವಾರದಲ್ಲಿ ಹಿಂದೂಪುರದಿಂದ ಕುಂದುರ್ಪಿಯವರೆಗೆ ನಮ್ಮ ನೆಂಟರಿಗೆಲ್ಲ ಸುದ್ದಿ ಮುಟ್ಟಿಸಿದೆ. ಬೆಲ್ಲಗಳ್ಳ ಎಂದು ಹೆಸರಿಟ್ಟವಳೂ ನಾನೇ. ಅಲ್ಲಿಂದ ಯಾವ ಮದುವೆಗೆ ಹೋದರೂ "ಎಲ್ಲಿ, ಜೇಬು ತೋರ್ಸಿ ಮಾವ" ಎನ್ನುವುದೇ ನಮ್ಮ ಮನರಂಜನೆ. ಮಾವ ನಗುತ್ತಾ ಜೇಬಿನ ಮೇಲೆ ಕೈ ಇಟ್ಟುಕೊಳ್ಳುವರು, ಕೊಡುತ್ತಿರಲಿಲ್ಲ.

ಮೊನ್ನೆ ಕಲ್ಯಾಣದುರ್ಗದಲ್ಲಿ ನನ್ನ ತಮ್ಮನ ಹೊಸ ಮನೆಯ ಗೃಹಪ್ರವೇಶ. ಸೋದರಮಾವ ಬರದೆ ಇದ್ದರೆ ಆಗುತ್ತದೆಯೇ? ಬಂದರು, ಅಚ್ಚಮ್ಮನ ಸಮೇತ. ಬಸ್ಸಿನಲ್ಲಿ ಕಂಡಕ್ಟರು ಥರ್ಮಾಸ್ ಫ್ಲಾಸ್ಕ್ ನೋಡಿ, ಕಾಫೀನಾ ಎಂದು ಕೇಳಿದನಂತೆ.

"ಐಸು. ಒಳ್ಗೆ ಇನ್ಸುಲಿನ್ ಐತೆ."

"ಯಾರಿಗೆ ಯಜಮಾನ್ರೇ, ನಿಮ್ಗಾ?"

"ಬುಟ್ಟೀಲಿರೋ ಅಮ್ಮನಿಗೆ."

ಕಂಡಕ್ಟರು ಮುಚ್ಚಳ ಎತ್ತಿ, ಮೂರು ಪಟ್ಟೆ ವಿಭೂತಿಯ ಮುಖ ನೋಡಿ, ಮಹಿಳೆಯರ ಸೀಟು ಬಿಡಿಸಿಕೊಟ್ಟನಂತೆ!

ಮನೆಗೆ ಬಂದವರು ಕಾಲು ತೊಳೆಯುವ ಮೊದಲೇ ನನ್ನ ಅಡುಗೆಮನೆಗೆ ನುಗ್ಗಿ, "ಅಚ್ಚಮ್ಮ ಇರೋವರ್ಗೂ ಇವು ಈ ಮನೇಲಿ ಇರಕೂಡ್ದು" ಎಂದು ಸಕ್ಕರೆ ಡಬ್ಬಿ, ಬೆಲ್ಲದ ಡಬ್ಬಿ ಎರಡನ್ನೂ ಪಕ್ಕದ ಮನೆಗೆ ಗಡೀಪಾರು ಮಾಡಿದರು. ಬೆಲ್ಲದ ವ್ಯಾಪಾರಿಯ ಸೋದರಸೊಸೆ ಸಪ್ಪೆ ಕಾಫಿ ಕುಡಿದಳು.

ಗೃಹಪ್ರವೇಶದ ದಿನ ಬೆಳಿಗ್ಗೆ ನನ್ನ ಜೊತೆ ಕೆಲಸ ಮಾಡುವ ಟೀಚರೊಬ್ಬರು ಬೇಯಿಸಿದ ಕೋಳಿಯನ್ನು ಡಬ್ಬಿಯಲ್ಲಿ ಕಳಿಸಿದ್ದರು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಬಳಿ ತಟ್ಟೆಗೆ ಸುರಿದು, ಬೆಕ್ಕು ಬಿಟ್ಟು, ಮಾವ ಗೋಡೆಗೆ ಮುಖ ಮಾಡಿ ನಿಂತರು. ನೋಡುವ ಕೆಲಸ ನನ್ನದು. ಆದರೆ ನಾನೂ ಅದೇ ಮನೆತನದವಳಲ್ಲವೇ? ವಾಸನೆ ಬಂದೊಡನೆ ಸೆರಗನ್ನು ಮೂಗಿಗೆ ಒತ್ತಿಕೊಂಡು ದಾಸವಾಳದ ಗಿಡದ ಕಡೆ ತಿರುಗಿದೆ. ಇಬ್ಬರೂ ಬೆನ್ನು ಮಾಡಿ ನಿಂತೆವು.

"ತಿಂದ್ಳಾ?"

ಅರ್ಧ ತಿರುಗಿ ನೋಡಿದೆ. ತಟ್ಟೆ ಖಾಲಿ. "ತಿಂದ್ಳು ಮಾವ, ಪೂರ್ತಿ" ಎಂದೆ. ಮಾವ ಸೂಜಿ ಹಾಕಿದರು. ನಾನು ಸೀರೆ ಆರಿಸಲು ಹೋದೆ.

ಒಂಬತ್ತೂವರೆಗೆ ಹೊರಡಬೇಕು ಎನ್ನುವಾಗ ಅಚ್ಚಮ್ಮ ತೂರಾಡುತ್ತಾ ಬಂದಳು. ಹೆಂಡ ಕುಡಿದವಳ ಹಾಗೆ ಗೋಡೆಗೆ ಡಿಕ್ಕಿ ಹೊಡೆದು ಬಿದ್ದಳು. ಬಾಯಲ್ಲಿ ಜೊಲ್ಲು, ಕಾಲುಗಳು ಸೆಟೆದು ನಡುಗುತ್ತಿದ್ದವು. ನಾನು ಹಿಂದೂಪುರದ ಡಾಕ್ಟರಿಗೆ ಫೋನು ಹಚ್ಚಿದೆ.

"ಶುಗರ್ ಬಿದ್ದೋಗಿದೆ. ಬೆಳಿಗ್ಗೆ ತಿಂದಿತ್ತಾ, ನೀವು ನೋಡಿದ್ರಾ?"

ತಿಂದಿತ್ತು ಎನ್ನುವಷ್ಟರಲ್ಲಿ ನನ್ನ ಕಣ್ಣು ಕಿಟಕಿಯಾಚೆ ಹೋಯಿತು. ಹಿತ್ತಲ ಗೋಡೆಯ ಮೇಲೆ ಬೀದಿಯ ಕಪ್ಪು ಗಂಡುಬೆಕ್ಕೊಂದು ಕೂತು ಮೀಸೆ ನೆಕ್ಕಿಕೊಳ್ಳುತ್ತಿತ್ತು! ಯಾರು ತಿಂದರು, ಯಾರು ನೋಡಲಿಲ್ಲ, ಎಲ್ಲ ಗೊತ್ತಾಯಿತು.

"ಬೆಲ್ಲದ ನೀರು ಬೇಗ ಒಸಡಿಗೆ ಹಚ್ಚಿ. ಗಂಟಲಿಗೆ ಸುರೀಬೇಡಿ" ಎಂದರು ಡಾಕ್ಟರು. ನಾನು ಅಡುಗೆಮನೆಗೆ ಓಡಿದೆ. ಬೆಲ್ಲವಿಲ್ಲ, ಸಕ್ಕರೆಯಿಲ್ಲ. ಪಕ್ಕದ ಮನೆಗೆ ಓಡಿದೆ. ಬೀಗ! ಅವರೆಲ್ಲ ಗೃಹಪ್ರವೇಶಕ್ಕೆ ಹೋಳಿಗೆ ತಟ್ಟಲು ಹೋಗಿದ್ದರು. ನಾನು ಹೇಳಿದ ಒಂದು ಸುಳ್ಳಿಗೆ ಅತ್ತೆಯ ಬೆಕ್ಕು ಸಾಯುತ್ತದೆ ಎಂದು ಅಳುತ್ತಾ ವಾಪಸು ಬಂದರೆ, ಮಾವ ನೆಲದ ಮೇಲೆ ಕೂತಿದ್ದರು. ಅಚ್ಚಮ್ಮ ಮಡಿಲಲ್ಲಿದ್ದಳು. ಪಕ್ಕದಲ್ಲಿ ಬಿಚ್ಚಿದ ಪ್ಲಾಸ್ಟಿಕ್ಕು ಬಿದ್ದಿತ್ತು. ಅಂಗೈಯಲ್ಲಿ ನೀರು ಹಾಕಿ ಬೆಲ್ಲ ಕರಗಿಸಿ, ಬೆರಳಿನಿಂದ ಒಸಡಿಗೆ ತೀಡುತ್ತಿದ್ದರು.

"ನೆಕ್ಕೇ ತಾಯಿ. ರುಚಿ ಗೊತ್ತಾಗ್ದೇ ಇದ್ರೂ ನೆಕ್ಕೇ."

ಎಷ್ಟು ಹೊತ್ತಾಯಿತೋ ತಿಳಿಯದು. ತಮ್ಮನಿಂದ ಫೋನಿನ ಮೇಲೆ ಫೋನು ಬರುತ್ತಿತ್ತು, ನಾವು ಎತ್ತಲಿಲ್ಲ. ಕೊನೆಗೆ ನಡುಕ ನಿಂತಿತು. ಅಚ್ಚಮ್ಮ ಕಣ್ಣು ಬಿಟ್ಟು, ಮಾವನ ಬೆರಳನ್ನು ಕಚ್ಚಿದಳು. ಆಮೇಲೆ ಒಂದಿಷ್ಟು ಹಾಲನ್ನ ತಿಂದಳು. ಇಲ್ಲಿನ ಪಶು ಆಸ್ಪತ್ರೆಗೆ ಕರೆದೊಯ್ದೆವು. ಅಪಾಯವಿಲ್ಲ, ಸಂಜೆಯ ಸೂಜಿ ಬೇಡ ಎಂದರು.

ಹೋದ ಜೀವ ಬಂದಂತಾಗಿ ನಾನು ಕಣ್ಣೊರೆಸಿಕೊಳ್ಳುತ್ತಾ, "ಅಂತೂ ನಿಮ್ಮ ಕಳ್ಳತನ ಇವತ್ತು ಕೆಲಸಕ್ಕೆ ಬಂತು ಮಾವ" ಎಂದು ನಕ್ಕೆ. ಮಾವ ನಗಲಿಲ್ಲ. ಅಂಟಂಟಾದ ಅಂಗೈ ನೋಡಿಕೊಳ್ಳುತ್ತಾ ಕೂತರು.

"ನಿಮ್ಮತ್ತೇದು ಹಾರ್ಟಲ್ಲ ಕಣಮ್ಮ."

ನಾನು ಅವರ ಪಕ್ಕದಲ್ಲಿ ಕೂತೆ.

"ಅವತ್ತು ಸೋಮವಾರ. ಉಪವಾಸ ಇದ್ಲು. ಸೂಜಿ ಹಾಕ್ಕೊಂಡಿದ್ದು ನಂಗೆ ಗೊತ್ತಿರ್ಲಿಲ್ಲ. ಕೊಡಿಕೊಂಡ ಚೆಕ್‌ಪೋಸ್ಟ್ ಹತ್ರ ಲಾರಿಗಳು ನಿಂತು ಬಸ್ಸು ಕದಲ್ತಿರ್ಲಿಲ್ಲ. ಬೆವರ್ತಿದ್ಲು. ಸೆಕೆ ಅಂದ್ಕಂಡು ಕಿಟಕಿ ತೆಗ್ದೆ. ರೀ, ಒಂದ್ ಚೂರು ಬೆಲ್ಲ ಐತಾ ಅಂದ್ಲು. ಶುಗರ್ ಇಕ್ಕೊಂಡು ಬೆಲ್ಲ ಕೇಳ್ತೀಯೇನೇ ಅಂತ ನಗಾಡ್ಬುಟ್ಟೆ. ಗೋದಾಮು ತುಂಬ ಬೆಲ್ಲ ಇತ್ತು ಕಣಮ್ಮ. ಜೇಬಲ್ಲಿ ಇರ್ಲಿಲ್ಲ."

ಎರಡು ವರ್ಷದಿಂದ ಆ ಬೆಲ್ಲದ ಒಂದು ಚೂರನ್ನೂ ಅವರು ಬಾಯಿಗೆ ಹಾಕಿರಲಿಲ್ಲ. ಕರಗಿದಾಗ ಎಸೆದು ಹೊಸದು ಇಟ್ಟುಕೊಳ್ಳುತ್ತಿದ್ದರು, ಅಷ್ಟೇ. ನಾನು ಅದಕ್ಕೆ ಹೆಸರಿಟ್ಟು ಊರೂರಿಗೆ ಹಂಚಿದ್ದೆ. ನನಗೆ ನಾಚಿಕೆಯಾಯಿತು.

ಮರುದಿನ ಅವರು ಹೊರಡುವ ಮೊದಲು ಪಕ್ಕದ ಮನೆಯಿಂದ ಡಬ್ಬಿ ವಾಪಸು ತಂದೆ. ಇದ್ದುದರಲ್ಲಿ ಒಳ್ಳೆಯ ಬೆಲ್ಲ ನೋಡಿ ಒಂದು ಚೂರು ಒಡೆದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನಾನೇ ಅವರ ಜೇಬಿಗೆ ಹಾಕಿದೆ. ಯಾವ ಊರಿನದೆಂದು ಮಾವ ಗೀರಿ ನೋಡಲಿಲ್ಲ. ಬಸ್ಸು ಹತ್ತುವಾಗ ಒಂದು ಕೈಯಲ್ಲಿ ಬುಟ್ಟಿ ಹಿಡಿದು, ಇನ್ನೊಂದು ಕೈಯಿಂದ ಜೇಬು ಮುಟ್ಟಿ ನೋಡಿಕೊಂಡರು.