ಹೆಂಡತಿಗೆ ನಾನು ಅಂಟಿಸಿದ ಸಕ್ಕರೆ ಕಾಯಿಲೆ

ಕಾಯಿಲೆಗಳಲ್ಲೂ ಮೇಲು ಕೀಳು ಉಂಟು. ನಮ್ಮ ಗೋಕಾಕದಲ್ಲಿ ಶುಗರ್ ಅಂದರೆ ಮರ್ಯಾದೆಯ ಕಾಯಿಲೆ. ಹೇಳಿಕೊಂಡರೆ ಹೋದಲ್ಲೆಲ್ಲ ಸಕ್ಕರೆ ಇಲ್ಲದ ಚಹಾ ಬೇರೆಯಾಗಿ ಕುದಿಯುತ್ತದೆ. ಮನಸ್ಸಿನ ಕಾಯಿಲೆ ಅಂದು ನೋಡಿ, ಪಕ್ಕದ ಕುರ್ಚಿ ಒಂದು ಮೊಳ ದೂರ ಸರಿಯುತ್ತದೆ. ಇದಕ್ಕೆ ಊರನ್ನೇ ಬೈಯಬೇಕೆಂದಿದ್ದೆ. ಆದರೆ ಮೊದಲು ಸರಿದ ಕುರ್ಚಿ ನನ್ನದೇ, ಹೇಳಲು ನಾಚಿಕೆಯಾಗುತ್ತದೆ.

ತುಕ್ಕಾನಟ್ಟಿಯಲ್ಲಿ ಅವಳ ತಾಯಿ ತೀರಿಕೊಂಡ ಮೇಲೆ ನನ್ನ ಹೆಂಡತಿ ಸುಮಂಗಲಾ ಮಾತು ಬಿಟ್ಟಳು. ಒಲೆ ಹಚ್ಚುವುದನ್ನೂ ಮರೆತು ಅದರ ಮುಂದೆ ಕೂತಿರುತ್ತಿದ್ದಳು. ಡಾಕ್ಟರು ಖಿನ್ನತೆ ಅಂದರು, ಗುಳಿಗೆ ಬರೆದರು. ಅವಳು ಸಮಾಧಾನವಾಗಿಯೇ ಕೇಳಿಸಿಕೊಂಡಳು. ನಾನೋ, ಕಲ್ಲೋಳಿಯ ಶಾಲೆಯಲ್ಲಿ ಮಕ್ಕಳಿಗೆ ಮೆದುಳೂ ಲಿವರಿನಂತೆ ಒಂದು ಅಂಗ ಎಂದು ಪಾಠ ಮಾಡುವ ವಿಜ್ಞಾನದ ಮಾಸ್ತರ, ಚೀಟಿಯನ್ನು ಒಳಜೇಬಿಗೆ ತುರುಕಿ ಆಚೀಚೆ ನೋಡಿಕೊಂಡು ಹೊರಗೆ ಬಂದೆ. ಬಾಜೂಮನೆಯ ಕಾಶವ್ವ ಇದು ಯಾತರ ಗುಳಿಗೆ ಎಂದು ಕೇಳಿದಾಗ ಬಾಯಿಗೆ ಬಂದದ್ದು ಶುಗರ್.

ಎರಡೇ ದಿನದಲ್ಲಿ ಸುದ್ದಿ ಅತ್ತ ಮೂಡಲಗಿ, ಇತ್ತ ಹುಕ್ಕೇರಿ ಮುಟ್ಟಿತು. ಅಂದಿನಿಂದ ಅವಳಿಗೆ ಎಲ್ಲಿ ಹೋದರೂ ಸಪ್ಪೆ ಚಹಾ. ಒಬ್ಬರಂತೂ ಹಾಗಲಕಾಯಿಯ ರಸ ಹಿಂಡಿ ತಂದರು. ನಮ್ಮೂರ ಬೆಲ್ಲದ ಸಿಹಿ ಕರದಂಟು ಅಂದರೆ ಅವಳಿಗೆ ಜೀವ. ತಟ್ಟೆ ಮಾತ್ರ ಅವಳ ಮೂಗಿನ ಮುಂದೆಯೇ ಹಾದು ನನ್ನ ಹತ್ತಿರ ಬರುತ್ತಿತ್ತು. ಅವಳ ಪಾಲನ್ನೂ ನಾನೇ ತಿಂದೆ. ಗುಳಿಗೆಯಿಂದ ಅವಳ ನಗು ಮರಳಿತು, ಸಕ್ಕರೆ ಮರಳಲಿಲ್ಲ. ಚಹಾ ಕುಡಿಯುತ್ತ ಒಮ್ಮೊಮ್ಮೆ ನನ್ನನ್ನು ನೋಡುತ್ತಿದ್ದಳು. ಆಗ ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ.

ಹೀಗೇ ಎಂಟು ತಿಂಗಳು ಕಳೆಯಿತು. ಹುಕ್ಕೇರಿಯಲ್ಲಿ ನನ್ನ ಅಕ್ಕನ ಮನೆಗೆ ಹೋಗಿದ್ದೆವು. ನೆಂಟರು ತುಂಬಿದ್ದರು. ಕರದಂಟಿನ ತಟ್ಟೆ ಬಂದಾಗ ಸುಮಂಗಲಾ ಒಂದು ತುಂಡು ಎತ್ತಿಕೊಂಡಳು. ಅಕ್ಕ ಗಾಬರಿಯಾಗಿ ಅವಳ ಕೈ ಹಿಡಿದಳು.

"ಬಿಡ್ರಿ ಅಕ್ಕಾ, ನನಗ ಶುಗರ್ ಇಲ್ಲ. ಅವ್ವ ಹೋದಮ್ಯಾಲ ಮನಸ್ಸು ಕುಸದಿತ್ತು, ಅದಕ್ಕ ಗುಳಿಗಿ ತಗೊಳ್ಳಾಕತ್ತೇನಿ. ಹೇಳಾಕ ನಾಚಿಕಿ ಬಂದದ್ದು ಇವರಿಗೆ, ನನಗಲ್ಲ."

ಅಕ್ಕ ಕೈ ಬಿಟ್ಟಳು. ಕುರ್ಚಿ ಎಳೆದುಕೊಂಡು ಅವಳ ಹತ್ತಿರವೇ ಕೂತಳು.

"ಯಾವ ಡಾಕ್ಟರ್‌ವಾ? ನನಗೂ ಮೂರು ತಿಂಗಳಾತು, ನಿದ್ದಿ ಇಲ್ಲ, ಸುಮ್ ಸುಮ್ನ ಅಳು ಬರ್ತೈತಿ. ಯಾರ ಮುಂದ ಹೇಳ್ಲಿ ಅಂತ ಕುಂತಿದ್ದೆ."

ಪ್ರತಿ ಭಾನುವಾರ ಅಕ್ಕನಿಗೆ ಫೋನ್ ಮಾಡಿ ಮಳೆ ಬಂತೇ ಎಂದು ವಿಚಾರಿಸುವ ತಮ್ಮ ನಾನು. ನೆಲ ಬಾಯಿ ಬಿಡಬಾರದೇ ಅನಿಸಿತು.

ಮರುದಿನ ಮುಂಜಾನೆ ನನ್ನ ಚಹಾ ಸಪ್ಪೆ. ಅವಳು ಕುಡಿದಷ್ಟು ತಿಂಗಳು ನಾನೂ ಕುಡಿಯುವುದು ನ್ಯಾಯವೇ ತಾನೆ. ನಿನ್ನೆ ಕಾಶವ್ವ ಬಂದವಳು ನನ್ನ ಚಹಾಕ್ಕೆ ಸಕ್ಕರೆ ಬೀಳದ್ದನ್ನು ಕಂಡು, "ಏನ್ರಿ ಮಾಸ್ತರ, ನಿಮಗೂ ಬಂತೇನು?" ಎಂದಳು. ಖರೆ ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗಲಾರದು ಎಂದುಕೊಂಡು ಬಾಯಿ ತೆರೆದೆ.

"ಹೂಂನ್ರಿ, ಬಂದೈತಿ" ಅಂದೆ.

ಸುಮಂಗಲಾ ಒಳಗಿನಿಂದ ಕರದಂಟು ತಂದಳು. ಕಾಶವ್ವನಿಗೊಂದು ಕೊಟ್ಟು, ತಾನೊಂದು ತೆಗೆದುಕೊಂಡು, ತಟ್ಟೆಯನ್ನು ನನ್ನ ಮುಂದಿನಿಂದಲೇ ಒಳಗೆ ಒಯ್ದಳು.