ಹಿಡಿದುಕೊಂಡ ಎಡ ಹಿಂಚಕ್ರ

ಹೆಂಡತಿಯ ಬಾಯಲ್ಲಿ 'ನಿಮ್ಮ ಕೈಲಾಗಲ್ಲ' ಅನ್ನಿಸಿಕೊಳ್ಳುವುದು ನನಗೆ ಹೊಸದೇನಲ್ಲ. ಆದರೆ ಆ ಶನಿವಾರ ಅವಳು ಅದನ್ನು ನನ್ನಮ್ಮನ ಎದುರಿಗೇ ಹೇಳಿದಳು. ಅಮ್ಮ ಹೌದೆಂದು ತಲೆಯಾಡಿಸಿದರು. ಗಂಡಸಾದವನು (ಅಂದರೆ ನಾನು, ಸದ್ಯಕ್ಕೆ ಒಪ್ಪಿಕೊಳ್ಳಿ) ಎಷ್ಟು ಅಂತ ಸಹಿಸಿಯಾನು?

ನಡೆದದ್ದು ಇಷ್ಟು. ನನ್ನ ಹೆಂಡತಿ ನರ್ಸ್. ದೂರದ ಊರಿನ ಆಸ್ಪತ್ರೆಗೆ ಅವಳಿಗೆ ವರ್ಗವಾಗಿತ್ತು. ಇನ್ನು ಮೇಲೆ ತಿಂಗಳಿಗೊಮ್ಮೆ ಮನೆಗೆ ಬಂದರೆ ಅದೇ ನಮ್ಮ ಪುಣ್ಯ. ಆದೇಶ ಬಂದಾಗಿನಿಂದ ಮನೆಗೆ ಮಂಕು ಕವಿದಿತ್ತು. ಅಮ್ಮ ಅಡುಗೆಗೆ ಉಪ್ಪು ಮರೆಯುತ್ತಿದ್ದರು, ನಾನು ತುಟಿಪಿಟಕ್ಕೆನ್ನದೆ ತಿನ್ನುತ್ತಿದ್ದೆ. ಅಂದು ಬೆಳಿಗ್ಗೆ ಸಾಮಾನು ತುಂಬಿಕೊಂಡು ಕಾರಿನಲ್ಲಿ ಹೊರಟವಳು ಬೀದಿಯ ಕೊನೆಯಿಂದಲೇ ವಾಪಸು ಬಂದಳು. ಕಾರು ಏದುತ್ತ ತೆವಳುತ್ತಿತ್ತು, ಹಿಂದಿನಿಂದ ಸುಟ್ಟ ವಾಸನೆ.

"ಹಿಂದಿನ ಬ್ರೇಕ್ ಹಿಡ್ಕೊಂಡಿದೆ. ಮೆಕ್ಯಾನಿಕ್ ಸೋಮವಾರ ಬರ್ತಾನಂತೆ. ಬರ್ಲಿ ಬಿಡಿ," ಎಂದಳು ಚಪ್ಪಲಿ ಬಿಡುತ್ತ.

"ಸೋಮವಾರದವರೆಗೆ ಯಾಕೆ ಕಾಯ್ಬೇಕು? ನಾನಿಲ್ವಾ?"

"ನೀವಾ! ನಲ್ಲಿಗೆ ವಾಷರ್ ಹಾಕ್ತೀನಂತ ಹೋಗಿ ಅಡುಗೆಮನೇನ ಕೆರೆ ಮಾಡಿದ್ದು ಮರೆತ್ರಾ? ನಿಮ್ಮ ಕೈಲಾಗಲ್ಲ. ದಮ್ಮಯ್ಯ ಅಂತೀನಿ, ಮುಟ್ಟಬೇಡಿ."

ಅಮ್ಮ ತಲೆಯಾಡಿಸಿದ್ದು ಆಗಲೇ. ನಾನು ಹಳೇ ಅಂಗಿ ತೊಟ್ಟು ರಣರಂಗಕ್ಕಿಳಿದೆ.

ಬಲಗಡೆಯ ಹಿಂಚಕ್ರ ಮುಟ್ಟಿದೆ, ತಣ್ಣಗಿತ್ತು. ಎಡಗಡೆಯದು ಮುಟ್ಟಿದೆ, ಬೆರಳು ಚುರ್ರೆಂದಿತು. (ರೋಗನಿದಾನ ಶಾಸ್ತ್ರದಲ್ಲಿ ನನ್ನ ಮೊದಲ ಸಾಧನೆ.) ಮುಂದಿನ ಚಕ್ರಗಳಿಗೆ ಇಟ್ಟಿಗೆ ಕೊಟ್ಟೆ, ಎಡಗಡೆ ಜಾಕ್ ಏರಿಸಿದೆ, ಕೆಳಗೆ ಮರದ ದಿಮ್ಮಿ ಇಟ್ಟೆ. ಹ್ಯಾಂಡ್‌ಬ್ರೇಕ್ ಪೂರಾ ಇಳಿಸಿದ್ದರೂ ಚಕ್ರ ಅಲುಗಲಿಲ್ಲ. ತೆವಳಿಕೊಂಡು ಕಾರಿನಡಿಗೆ ಹೋಗಿ, ಚಕ್ರದ ಹಿಂದೆ ಹ್ಯಾಂಡ್‌ಬ್ರೇಕಿನ ಕೇಬಲ್ ಎಳೆಯುವ ಪುಟ್ಟ ಲಿವರನ್ನು ಸ್ಕ್ರೂಡ್ರೈವರಿನಿಂದ ಹಿಂದಕ್ಕೆ ತಳ್ಳಿದೆ. ಟಕ್ ಎಂದಿತು, ಚಕ್ರ ತಿರುಗಿತು! ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ. ತಪ್ಪು ಬ್ರೇಕಿನದಲ್ಲ, ಕೇಬಲ್ಲಿನದು.

ಅದರದಾದರೂ ಏನು ತಪ್ಪು? ನಮ್ಮ ಬೀದಿ ಇಳಿಜಾರು. ಒಮ್ಮೆ ಕಾರು ತಾನಾಗಿ ಉರುಳಿ ಕೆಳಮನೆಯ ಗೇಟಿಗೆ ಮುತ್ತಿಟ್ಟಾಗಿನಿಂದ, ಇಳಿಯುವವರೆಲ್ಲ ತಮ್ಮ ತಮ್ಮ ಸಮಾಧಾನಕ್ಕೆ ಹ್ಯಾಂಡ್‌ಬ್ರೇಕನ್ನು ಒಂದೊಂದು ಸಲ ಎಳೆಯುವುದು ನಮ್ಮ ಮನೆತನದ ಪದ್ಧತಿ. ನಾನು ಎಳೆದದ್ದನ್ನು ಹೆಂಡತಿ ನಂಬುವುದಿಲ್ಲ. ಅವಳು ಎಳೆದದ್ದನ್ನು ಅಮ್ಮ ನಂಬುವುದಿಲ್ಲ, ಎರಡೂ ಕೈ ಹಾಕಿ ಎಳೆಯುತ್ತಾರೆ. ಮಳೆಗಾಲವಿಡೀ ಹಾಗೇ ಬಿಗಿದು ನಿಂತ ಕೇಬಲ್ ಕವಚದೊಳಗೆ ತುಕ್ಕು ಹಿಡಿದು ಕೂತಿತ್ತು.

ಕೇಬಲ್ ಬಿಚ್ಚಿ ಎಣ್ಣೆ ಬಿಡುತ್ತ, ಹಿಂದೆ ಮುಂದೆ ಎಳೆದಾಡುತ್ತ ಕೂತೆ. ಹೆಂಡತಿ ಪದೇ ಪದೇ ಬಂದು ಇಣುಕಿದಳು.

"ಸಾಕು ಬನ್ನಿ, ಊಟ ಮಾಡಿ ಸ್ವಲ್ಪ ಮಲಗಿ. ಆಮೇಲೆ ನೋಡಿದ್ರಾಯ್ತು."

"ನೀನು ಹೋಗೇ! ಮುಗಿಸದೆ ಏಳಲ್ಲ ನಾನು."

"ಅಯ್ಯೋ, ಇದೇನು ಹಟ ರೀ ನಿಮ್ದು!"

ನನ್ನ ಮೇಲೆ ಇವಳಿಗೆ ಎಳ್ಳಷ್ಟೂ ನಂಬಿಕೆಯಿಲ್ಲವಲ್ಲ ಎಂದು ಮೈ ಉರಿಯಿತು. ಆ ಉರಿಯಲ್ಲೇ ಕೇಬಲ್ ಸಡಿಲವಾಯಿತು. ಜೋಡಿಸಿದೆ, ಹ್ಯಾಂಡ್‌ಬ್ರೇಕ್ ಎಳೆದೆ, ಚಕ್ರ ನಿಂತಿತು. ಇಳಿಸಿದೆ, ಸರಾಗವಾಗಿ ತಿರುಗಿತು. ಬೀದಿಯಲ್ಲಿ ಒಂದು ಸುತ್ತು ಹೊಡೆದು ಬಂದೆ. ಎರಡೂ ಚಕ್ರ ತಣ್ಣಗಿದ್ದವು. ಅಷ್ಟರಲ್ಲಿ ಜಗುಲಿಯ ಮೇಲಿದ್ದ ಅವಳ ಫೋನು ಬಡಿದುಕೊಂಡಿತು. ನಾನೇ ಎತ್ತಿದೆ. ಹೊಸ ಆಸ್ಪತ್ರೆಯ ದೊಡ್ಡ ಡಾಕ್ಟರು.

"ಕಾರು ಕೆಟ್ಟಿದೆ ಅಂದ್ರಲ್ಲ, ಏನಾಯ್ತು?"

"ರೆಡಿ ಆಯ್ತು ಸಾರ್, ನಾನೇ ಮಾಡ್ದೆ! ಇವತ್ತೇ ಹೊರಟು ಬರ್ತಾಳೆ," ಎಂದು ಎದೆಯುಬ್ಬಿಸಿ ಹೇಳಿದೆ.

"ಒಳ್ಳೇದಾಯ್ತು. ನಾಳೆ ಬೆಳಿಗ್ಗೆ ಡ್ಯೂಟಿಗೆ ಹಾಕ್ಕೋತೀನಿ," ಎಂದು ಅವರು ಫೋನ್ ಇಟ್ಟರು.

ಹೊಗಳಿಕೆಗೆ ಸಿದ್ಧನಾಗಿ ಒಳಗೆ ಹೋಗಿ ಎಲ್ಲವನ್ನೂ ಹೇಳಿದೆ. ಹೆಂಡತಿಯ ಮುಖ ಸಣ್ಣದಾಯಿತು.

"ಕಾರು ಕೆಟ್ಟಿದೆ, ಮಂಗಳವಾರ ಬರ್ತೀನಿ ಅಂತ ಬೆಳಿಗ್ಗೇನೇ ಕೇಳ್ಕೊಂಡಿದ್ದೆ ರೀ. ಒಪ್ಕೊಂಡೂ ಇದ್ರು."

"ಮತ್ತೆ ನನಗೆ ಹೇಳ್ಬಾರ್ದಿತ್ತಾ?"

"ಏನಂತ ಹೇಳ್ಲಿ? ಅತ್ತೆ ಎದುರಿಗೆ, ನಿಮ್ಮನ್ನ ಬಿಟ್ಟು ಹೋಗೋಕೆ ಮನಸ್ಸಿಲ್ಲ ಅಂತಾನಾ? ಮುಟ್ಟಬೇಡಿ, ಮುಟ್ಟಬೇಡಿ ಅಂತ ಬಡ್ಕೊಂಡೆ!"

ಅವಳು ಕಣ್ಣೊರೆಸಿಕೊಂಡು ಚಪ್ಪಲಿ ಮೆಟ್ಟಿದಳು, ಕಾರು ಹತ್ತಿದಳು. ಒಮ್ಮೆ, ಒಂದೇ ಒಂದು ಸಲ, ಆ ದರಿದ್ರ ಚಕ್ರ ಹಿಡಿದುಕೊಳ್ಳಲಿ ಎಂದು ಬೇಡಿಕೊಳ್ಳುತ್ತ ಗೇಟಿನ ಬಳಿ ನಿಂತೆ. ಕಾರು ಸದ್ದಿಲ್ಲದೆ ಇಳಿಜಾರಿನಲ್ಲಿ ಹೋಗಿ ತಿರುವಿನಲ್ಲಿ ಮರೆಯಾಯಿತು.

ಅಮ್ಮ ಸೆರಗಿನಿಂದ ಮೂಗೊರೆಸಿಕೊಂಡರು.

"ಹುಟ್ಟಿದಾಗಿನಿಂದ ಒಂದು ಕೆಲಸಾನೂ ನೆಟ್ಟಗೆ ಮಾಡ್ದೋನಲ್ಲ. ಇವತ್ತೇ ಮಾಡ್ಬೇಕಿತ್ತೇನೋ?"