ಮಾವನ ಕಡಕು, ನನ್ನ ಕಿವಿಯ ತೂತು

ತೂತಿನ ವಿಷಯದಲ್ಲಿ ನನಗೆ ಪಾಠ ಹೇಳುವವರು ಹುಣಸೂರು ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ! ಗೋಡೆಗೆ, ಮರಕ್ಕೆ, ಕಬ್ಬಿಣಕ್ಕೆ, ಟೈಲ್ಸಿಗೆ ಎಷ್ಟು ದಪ್ಪದ ತೂತು ಬೇಕು, ಅದಕ್ಕೆ ಯಾವ ಡ್ರಿಲ್ ಬಿಟ್, ಯಾವ ಸ್ಕ್ರೂ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ನನ್ನ ಹಾರ್ಡ್‌ವೇರ್ ಅಂಗಡಿಯಿಂದ ಸಾಮಾನು ಒಯ್ದವರು ಯಾರೂ ತೂತು ಕೆಟ್ಟಿತೆಂದು ವಾಪಸ್ ಬಂದಿಲ್ಲ. ಇಂಥ ನೀಲಕಂಠಸ್ವಾಮಿಯಾದ ನಾನು ನನ್ನದೇ ಕಿವಿಯ ತೂತಿನ ಮುಂದೆ ಸೋತು ಸುಣ್ಣವಾದೆ. ನಗು ಬಂದರೆ ನಕ್ಕುಬಿಡಿ, ಪರವಾಗಿಲ್ಲ. ನನ್ನ ಹೆಂಡತಿ ಆಗಲೇ ನಕ್ಕು ಮುಗಿಸಿದ್ದಾಳೆ.

ಇದಕ್ಕೆಲ್ಲ ಮೂಲ ಒಂದು ಕೋಳಿಕಾಲು. ನನ್ನ ಮಾವ ಜವರಯ್ಯನವರು ಬೆಟ್ಟದಪುರದ ಕಡೆ ಹೊಗೆಸೊಪ್ಪು ಬೆಳೆಯುವವರು. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಅನುಶ್ರೀ ನನ್ನ ಹೆಂಡತಿ. ಚಿಕ್ಕವಳ ಗಂಡ ಶಶಿಕುಮಾರ, ಅಂದರೆ ನನ್ನ ಷಡ್ಡಕ, ಕೆ.ಆರ್. ನಗರದಲ್ಲಿ ರೈಸ್‌ಮಿಲ್ ನಡೆಸುತ್ತಾನೆ. ನನ್ನ ಮದುವೆಯಾದ ಹೊಸದರಲ್ಲಿ ನಾಟಿಕೋಳಿ ಸಾರಿನ ಕಾಲು ಪೀಸು ತಪ್ಪದೆ ನನ್ನ ತಟ್ಟೆಗೆ ಬೀಳುತ್ತಿತ್ತು. ಶಶಿ ಅಳಿಯನಾಗಿ ಬಂದ ದಿನವೇ ಅದು ಅವನ ತಟ್ಟೆಗೆ ವರ್ಗವಾಯಿತು. ಕೋಳಿಗೆ ಎರಡು ಕಾಲಿರುತ್ತವಲ್ಲ ಎಂದು ನೀವು ಕೇಳಬಹುದು. ಇನ್ನೊಂದು ಮಾವನವರದು, ಅದಕ್ಕೆ ನನ್ನ ತಕರಾರಿಲ್ಲ. ನನಗೆ ಬರುತ್ತಿದ್ದುದು ಕತ್ತಿನ ಪೀಸು. ಶಶಿ ಪಕ್ಕದಲ್ಲಿ ಕೂತು ಮೂಳೆ ಚೀಪುವ ಸದ್ದು ಕೇಳಿದಾಗಲೆಲ್ಲ ನನ್ನ ಹೊಟ್ಟೆ ಮಾವನವರು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಯಂತೆ ಉರಿಯುತ್ತಿತ್ತು. ಹೊಟ್ಟೆಕಿಚ್ಚು ಎಂದೇ ಅನ್ನಿ, ನಾನು ಇಲ್ಲ ಅನ್ನುವುದಿಲ್ಲ.

ಯುಗಾದಿಯ ಮಾರನೇ ದಿನ, ವರ್ಷತೊಡಕಿನ ಊಟಕ್ಕೆ ಎಲ್ಲರೂ ಸೇರಿದ್ದೆವು. ಮಾವನವರು ತಮ್ಮ ಎರಡೂ ಕಿವಿಯಿಂದ ಚಿನ್ನದ ಕಡಕು ಬಿಚ್ಚಿ ಅಂಗೈ ಮೇಲಿಟ್ಟುಕೊಂಡರು.

"ಇದು ನಮ್ಮಪ್ಪನ ಕಡಕು ಕಣ್ರಪ್ಪ. ನನ್ ಕಿವಿ ಆಲೆ ಜಗ್ಗೋಗದೆ, ಇನ್ನ ಈ ಭಾರ ತಡೆಯಕಿಲ್ಲ. ಪೆಟ್ಗೇಲಿ ಮಡಗಕ್ಕೆ ಮನಸು ಬರಾಕಿಲ್ಲ. ಮಾರ್ಲಾಮಿ ಅಬ್ಬಕ್ಕೆ ಇರೀಕರಿಗೆ ಎಡೆ ಇಕ್ಕೋ ಒತ್ಗೆ ನಿಮ್ಮಲ್ಲಿ ಯಾರ್ ಕಿವಿಗೆ ಇದು ಇಡಿಸ್ತದೋ, ಅವ್ರಿಗೇ."

ಸಾರಿನ ಸೌಟು ಹಿಡಿದಿದ್ದ ಅನುಶ್ರೀ ಬಡಿಸುವುದನ್ನು ಮರೆತು ನಿಂತಳು. ನಾನೂ ಶಶಿಯೂ ಒಬ್ಬರ ಕಿವಿಯನ್ನೊಬ್ಬರು ನೋಡಿಕೊಂಡೆವು. ಕಡಕಿನ ಕಡ್ಡಿ ನಮ್ಮ ಅಂಗಡಿಯ ದಪ್ಪ ಮೊಳೆಯಷ್ಟಿತ್ತು. ಚಿಕ್ಕವನಿದ್ದಾಗ ಸೋದರಮಾವನ ತೊಡೆಯ ಮೇಲೆ ಕೂರಿಸಿ ಚುಚ್ಚಿಸಿದ್ದ ನನ್ನ ತೂತುಗಳು ಸೂಜಿಮೊನೆಯಷ್ಟು ಉಳಿದಿದ್ದವು. ಶಶಿಯದೂ ಅದೇ ಸ್ಥಿತಿ.

"ಮಾವ, ಕಡ್ಡಿಗೆ ಸ್ವಲ್ಪ ಅರ ಹಾಕಿದ್ರೆ ತೆಳ್ಳಗಾಗುತ್ತೆ. ನಮ್ಮಂಗಡೀಲೇ ಐತೆ" ಎಂದು ನನ್ನ ವಿದ್ಯೆ ತೋರಿಸಿದೆ.

"ನಮ್ಮಪ್ಪನ ಕಡಕ ಸವೆಸ್ತೀರಾ ಅಳಿಮಯ್ಯೋರೆ? ಸವೆಸ್ಬೇಕಾದ್ದು ಅದನ್ನಲ್ಲ, ನಿಮ್ ಆತ್ರಾನ. ಮೊದ್ಲು ಸಣ್ಣ ಬೇವಿನ ಕಡ್ಡಿ ಇಟ್ಕಳಿ. ಅದು ತಾನಾಗೇ ಸಡ್ಲ ಆಗಗಂಟ ಇನ್ನೊಂದ ಮುಟ್ಬ್ಯಾಡಿ. ಆಮೇಕೆ ಒಂದ್ ಚೂರೇ ದಪ್ಪದ್ದು. ಎಣ್ಣೆ ಸವ್ರಿ. ರಗ್ತ ಕಂಡ್ರೆ ಇಂದ್ಕೆ ಓಗ್ಬೇಕು, ಮುಂದ್ಕಲ್ಲ."

ನಾನು ದೊಡ್ಡದಾಗಿ ತಲೆಯಾಡಿಸಿದೆ. ಕಣ್ಣು ಮಾತ್ರ ಶಶಿಯ ತಟ್ಟೆಯ ಕಾಲಿನ ಮೇಲಿತ್ತು. ಈ ಕಡಕು ನನ್ನ ಕಿವಿ ಸೇರಿದರೆ ಆ ಕಾಲೂ ತಾನಾಗಿ ನನ್ನ ತಟ್ಟೆಗೆ ಬರುತ್ತದೆಂದು ಲೆಕ್ಕ ಹಾಕಿದೆ.

ಮೊದಮೊದಲು ಎಲ್ಲವೂ ಶಾಸ್ತ್ರೋಕ್ತವಾಗಿ ನಡೆಯಿತು. ಅಕ್ಕಸಾಲಿಗರಲ್ಲಿ ತೂತು ಬಿಡಿಸಿಕೊಂಡು ಬಂದು ಬೇವಿನ ಕಡ್ಡಿ ಇಟ್ಟುಕೊಂಡೆ. ಅನುಶ್ರೀ ಕಾವಲಿಗೆ ನಿಂತಳು.

"ರೀ, ಕೈ ತೊಳ್ಕೊಂಡು ಕಿವಿ ಮುಟ್ರಿ. ಸಿಮೆಂಟ್ ಮುಟ್ಟಿದ್ ಕೈ ಅದು."

"ನನಗೆ ಹೇಳ್ತೀಯಾ? ದಿನಾ ಎಷ್ಟು ತೂತಿಗೆ ಸಾಮಾನು ಕೊಡ್ತೀನಿ ನಾನು!"

"ಗ್ವಾಡೆಗೆ ನೋವಾಗಕಿಲ್ಲ ಕಣ್ರೀ."

ಕೊಬ್ಬರಿ ಎಣ್ಣೆಯ ಬಾಟಲಿ ಬೇಗ ಬೇಗ ಖಾಲಿಯಾಗುತ್ತಿತ್ತು. ನಾನು ಇಷ್ಟೊಂದು ಶ್ರದ್ಧೆಯಿಂದ ಎಣ್ಣೆ ಹಚ್ಚುತ್ತಿದ್ದೇನಲ್ಲ ಎಂದು ನನಗೇ ಆಶ್ಚರ್ಯವಾಗುತ್ತಿತ್ತು. ಅನುಶ್ರೀ ಈಚೆಗೆ ಕಿವಿ ಮುಚ್ಚುವಂತೆ ಕೂದಲು ಬಾಚುತ್ತಿದ್ದಳು. ಟಿವಿಯಲ್ಲಿ ಯಾರನ್ನೋ ನೋಡಿ ಕಲಿತಿರಬೇಕು ಎಂದುಕೊಂಡು ಸುಮ್ಮನಾದೆ. ನನಗೆ ನನ್ನ ಕಿವಿಯ ಚಿಂತೆಯೇ ಸಾಕಾಗಿತ್ತು.

ಹಬ್ಬ ಹತ್ತಿರವಾಯಿತು. ನನ್ನ ಕಿವಿಯಲ್ಲಿ ಇನ್ನೂ ಅಗರಬತ್ತಿಯಷ್ಟು ದಪ್ಪದ ಕಡ್ಡಿಯೇ ಇತ್ತು. ಆಗ ಒಂದು ಬೆಳಿಗ್ಗೆ ಶಶಿಯ ಸ್ಟೇಟಸ್ ನೋಡಿದೆ. ರೈಸ್‌ಮಿಲ್ ಮುಂದೆ ಪಕ್ಕಕ್ಕೆ ತಿರುಗಿ ನಿಂತಿದ್ದಾನೆ, ಕಿವಿಯಲ್ಲಿ ಬೆರಳು ದಪ್ಪದ ರಿಂಗು ಥಳಥಳ ಹೊಳೆಯುತ್ತಿದೆ. ಕೆಳಗೆ 'ಹಬ್ಬಕ್ಕೆ ರೆಡಿ' ಎಂದು ಬೇರೆ ಬರೆದುಕೊಂಡಿದ್ದಾನೆ. ನನ್ನ ಮೈಯೆಲ್ಲ ಉರಿಯಿತು.

"ನೋಡಿದ್ಯಾ ನಿನ್ ತಂಗಿ ಗಂಡನ್ನ?"

"ನೋಡ್ದೆ. ಚೆನ್ನಾಗೈತೆ."

"ಚೆನ್ನಾಗೈತಾ?"

"ಐತಪ್ಪ. ನಿಮ್ದೂ ನಿಧಾನಕ್ಕೆ ಆಯ್ತದೆ ಬುಡಿ. ಈ ವರ್ಷ ಆಗ್ದಿದ್ರೆ ಮುಂದಿನ್ ವರ್ಷ."

"ಮುಂದಿನ ವರ್ಷದ ತನಕ ನಾನು ಕತ್ತು ತಿಂತಾ ಕೂತಿರ್ಲಾ?"

ಅವಳಿಗೆ ಅರ್ಥವಾಗಲಿಲ್ಲವೋ, ಚೆನ್ನಾಗಿಯೇ ಅರ್ಥವಾಯಿತೋ, ಎಣ್ಣೆಯ ಬಾಟಲಿ ಎತ್ತಿಕೊಂಡು ಒಳಗೆ ಹೋದಳು. ನಾನು ಅಂಗಡಿಗೆ ಬಂದೆ. ಶಶಿಯ ಕಿವಿ ಕಣ್ಣ ಮುಂದೆಯೇ ಕುಣಿಯುತ್ತಿತ್ತು. ಗಿರಾಕಿ ಬೀಗ ಕೇಳಿದರೆ ಚಿಲಕ ಕೊಟ್ಟೆ.

ಆಗ ಕಣ್ಣಿಗೆ ಬಿತ್ತು ಗೋಡೆಗೆ ಹೊಡೆಯುವ ಪ್ಲಾಸ್ಟಿಕ್ ಪ್ಲಗ್ಗು. ಎಂಥ ಅದ್ಭುತ ವಸ್ತು! ತುದಿ ಸಣ್ಣಗೆ, ಬುಡ ದಪ್ಪಗೆ. ತೂತಿಗೆ ತಳ್ಳಿ ಸ್ಕ್ರೂ ತಿರುಗಿಸಿದರೆ ಒಳಗೇ ಅಗಲವಾಗಿ ಕಚ್ಚಿಕೊಳ್ಳುತ್ತದೆ. ಇಷ್ಟು ದಿನ ಬೇವಿನ ಮರದ ಕೆಳಗೆ ಕಡ್ಡಿ ಆರಿಸಿದ್ದಕ್ಕೆ ನನ್ನನ್ನು ನಾನೇ ಬೈದುಕೊಂಡೆ. ಗಲ್ಲಾಪೆಟ್ಟಿಗೆಯ ಹಿಂದೆ ಬಗ್ಗಿ, ಸೋಪಿನ ನೀರು ಸವರಿ, ಎಡಗಿವಿಗೆ ಒಂದನ್ನು ನೂಕಿದೆ. ಕಣ್ಣಲ್ಲಿ ನೀರು ಬಂತು. ಬೆರಳಿಗೆ ರಕ್ತ ಹತ್ತಿತು. ರಕ್ತ ಕಂಡರೆ ಹಿಂದಕ್ಕೆ ಹೋಗಬೇಕೆಂದು ಮಾವನವರು ಹೇಳಿದ್ದು ನೆನಪಾಯಿತು. ನಾನು ಹಿಂದಕ್ಕೆ ಹೋದರೆ ಶಶಿ ಮುಂದಕ್ಕೆ ಹೋಗುತ್ತಾನೆ ಎನ್ನುವುದೂ ನೆನಪಾಯಿತು. ಹಲ್ಲು ಕಚ್ಚಿಕೊಂಡು ಸ್ಕ್ರೂ ತಿರುಗಿಸಿದೆ.

ಆ ಪ್ಲಗ್ಗು ಬಹಳ ಒಳ್ಳೆಯ ಮಾಲು. ಒಮ್ಮೆ ಕೂತರೆ ಮತ್ತೆ ಅಲುಗುವುದಿಲ್ಲ ಎಂದು ನಾನೇ ಗಿರಾಕಿಗಳಿಗೆ ಹೇಳುತ್ತಿದ್ದೆ. ಸ್ಕ್ರೂ ಬಿಚ್ಚಿ ಬಂತು, ಪ್ಲಗ್ಗು ಬರಲಿಲ್ಲ. ಎಳೆದಷ್ಟೂ ಕಿವಿ ಊದುತ್ತಿತ್ತು. ಅಷ್ಟರಲ್ಲಿ ಗಾರೆ ಕೆಲಸದ ಸಿದ್ದಯ್ಯ ಸುಣ್ಣದ ಬ್ರಶ್ಶು ಕೊಳ್ಳಲು ಬಂದವನು ಬಗ್ಗಿ ನೋಡಿದ.

"ಏನ್ ಸಾವ್ಕಾರ್ರೆ, ಕಿವಿಗೆ ಫೋಟೊ ನೇತಾಕ್ತಿದ್ದೀರಾ?"

ತಲೆಗೆ ಮಫ್ಲರ್ ಸುತ್ತಿಕೊಂಡು ಮನೆಗೆ ಹೋದೆ. ಬಿಸಿಲಿಗೆ ಮಫ್ಲರ್ ಯಾಕೆಂದು ಅನುಶ್ರೀ ಒಂದೇ ಸಲ ಕೇಳಿದಳು. ಆಮೇಲೆ ಕೇಳಲಿಲ್ಲ, ಎಳೆದಳು. ಕಿವಿ ಆಲೂಗಡ್ಡೆ ಬೋಂಡದ ಗಾತ್ರವಾಗಿತ್ತು. ಬೈಕಿನ ಹಿಂದೆ ನನ್ನನ್ನು ಕೂರಿಸಿಕೊಂಡು ಅವಳೇ ಕ್ಲಿನಿಕ್ಕಿಗೆ ಓಡಿಸಿದಳು. ಡಾಕ್ಟರು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಪ್ಲಗ್ಗನ್ನು ಕತ್ತರಿಸಿ ತೆಗೆದು, ಬೆಳಕಿಗೆ ಹಿಡಿದು ನೋಡಿದರು.

"ಗಟ್ಟಿಯಾಗಿದೆ. ಇದರದು ಒಂದು ಪ್ಯಾಕೆಟ್ ಕಳಿಸಿ, ನಮ್ಮ ಬೋರ್ಡು ನಿಲ್ತಾ ಇಲ್ಲ. ಈ ಕಿವಿಗೆ ಮಾತ್ರ ಸದ್ಯಕ್ಕೆ ಏನನ್ನೂ ತೂರಿಸಬೇಡಿ. ಪೂರ್ತಿ ಮಾಯಬೇಕು."

ತಲೆ ಸುತ್ತ ಬ್ಯಾಂಡೇಜು ಕಟ್ಟಿಸಿಕೊಂಡು ಮಾರ್ಲಾಮಿ ಹಬ್ಬಕ್ಕೆ ಹೋದೆ. ಸೋತದ್ದಕ್ಕಿಂತ ಶಶಿ ಗೆಲ್ಲುವುದನ್ನು ಕಣ್ಣಾರೆ ನೋಡಬೇಕಲ್ಲ ಎಂಬ ಸಂಕಟವೇ ಹೆಚ್ಚಾಗಿತ್ತು. ಹಿರಿಯರ ಫೋಟೊ ಮುಂದೆ ಎಡೆ ಇಟ್ಟಾಗಿತ್ತು. ಮಾವನವರು ಕಡಕು ಹಿಡಿದು ಬಂದರು. ನನ್ನ ಬ್ಯಾಂಡೇಜು ನೋಡಿ ನಿಟ್ಟುಸಿರು ಬಿಟ್ಟು ಶಶಿಯ ಕಡೆ ತಿರುಗಿದರು.

"ನೀವಾರ ಬನ್ನಿ. ಆ ರಿಂಗು ಬಿಚ್ಚಿ."

ಶಶಿ ಬೆವರತೊಡಗಿದ. ಕಿವಿಗೆ ಕೈ ಹಾಕಿ ರಿಂಗನ್ನು ಎಳೆದ. ಅದು ಬಟ್ಟೆ ಒಣಗಿಸುವ ಕ್ಲಿಪ್ಪಿನಂತೆ ಟಕ್ಕೆಂದು ಕೈಗೆ ಬಂತು. ಅದರ ಹಿಂದೆ ಸೂಜಿಮೊನೆಯಷ್ಟೇ ತೂತು.

"ಫ್ಯಾನ್ಸಿ ಸ್ಟೋರಿಂದು ಮಾವ, ಒತ್ತಿ ಕೂರ್ಸೋದು" ಎಂದವನು ನನ್ನ ಕಡೆ ತಿರುಗಿದ. "ಅಣ್ಣ, ಬೇಜಾರ್ ಮಾಡ್ಕಬೇಡಿ. ನಿಮ್ ಹೊಟ್ಟೆ ಉರ್ಸೋಣ ಅಂತ ಸ್ಟೇಟಸ್ ಹಾಕ್ದೆ. ನೀವು ಹಾರ್ಡ್‌ವೇರ್‌ನೋರು, ಹೆಂಗೂ ಗೆಲ್ತೀರ ಅಂತ ನನಗೇ ಹೊಟ್ಟೆ ಉರೀತಿತ್ತು."

ನಾನು ಒಂದು ಕ್ಲಿಪ್ಪಿನ ಮೇಲೆ ಹಟಕ್ಕೆ ಬಿದ್ದು ಕಿವಿ ಹರಿದುಕೊಂಡಿದ್ದೆ. ಮಾವನವರ ಮುಖ ಬಾಡಿತು.

"ಅಂಗಾರೆ ನಮ್ಮಪ್ಪನ ಕಡಕು ಪೆಟ್ಗೆಗೇಯಾ?"

ಅನುಶ್ರೀ ಎಡೆಗೆ ಕೈಮುಗಿದು ಎದ್ದಳು. ಕೂದಲನ್ನು ಹಿಂದಕ್ಕೆ ಸರಿಸಿ, ಕಿವಿಯಿಂದ ನುಣುಪಾದ ಒಂದು ಸ್ಟೀಲಿನ ಕಡ್ಡಿ ತೆಗೆದಳು. ಅಪ್ಪನ ಕೈಯಿಂದ ಕಡಕು ತೆಗೆದುಕೊಂಡು ಹಾಕಿಕೊಂಡಳು. ಕಾಜಕ್ಕೆ ಗುಂಡಿ ಹಾಕಿದಷ್ಟು ಸಲೀಸಾಗಿ ಅದು ಕೂತಿತು. ಇನ್ನೊಂದು ಕಿವಿಗೂ ಹಾಗೆಯೇ.

"ನಿಮ್ಮಲ್ಲಿ ಯಾರ್ ಕಿವಿಗೆ ಅಂತ ಅಂದಿದ್ದಲ್ವಾ ಅಪ್ಪ? ನಾನೂ ಸೌಟು ಇಡ್ಕಂಡು ಅಲ್ಲೇ ನಿಂತಿದ್ದೆ. ನೀನ್ ಏಳ್ದಂಗೇ ಮಾಡ್ದೆ. ಸಡ್ಲ ಆದ್ಮೇಲೇ ಮುಂದಿಂದು."

ನನ್ನ ಎಣ್ಣೆಯ ಬಾಟಲಿ ಯಾಕೆ ಖಾಲಿಯಾಗುತ್ತಿತ್ತೆಂದು ಆಗ ಹೊಳೆಯಿತು.

"ಅದು ಗಂಡಸರ ಕಡಕಲ್ವಾ?" ಎಂದು ಗೊಣಗಿದೆ.

"ಚಿನ್ನಕ್ಕೆ ಮೀಸೆ ಬತ್ತದಾ ಅಳಿಮಯ್ಯೋರೆ?" ಎಂದರು ಮಾವನವರು. ಅವರು ಮಗಳ ಕಿವಿಯನ್ನೂ ಗೋಡೆಯ ಮೇಲಿನ ಅಪ್ಪನ ಫೋಟೊವನ್ನೂ ನೋಡುತ್ತ ಕಣ್ಣು ಒರೆಸಿಕೊಂಡರು. ನನಗೆ ನಾಚಿಕೆಯಾಯಿತು. ಆರು ತಿಂಗಳು ಕೆ.ಆರ್. ನಗರದ ಕಿವಿಯನ್ನು ಕಾದು ಕೂತವನಿಗೆ ಪಕ್ಕದ ದಿಂಬಿನ ಮೇಲಿದ್ದ ಕಿವಿ ಕಂಡಿರಲಿಲ್ಲ.

ಊಟಕ್ಕೆ ಕೂತೆವು. ಅತ್ತೆ ಸಾರಿನ ಪಾತ್ರೆ ತಂದು ಕಾಲು ಪೀಸನ್ನು ಮಗಳ ತಟ್ಟೆಗೆ ಹಾಕಿದರು. ಶಶಿಗೆ ಕತ್ತು ಬಂತು. ಅನುಶ್ರೀ ಕಾಲನ್ನು ಎತ್ತಿ ನನ್ನ ತಟ್ಟೆಗಿಟ್ಟಳು.

"ತಿನ್ರಿ. ಇದಕ್ಕೇ ಅಲ್ವಾ ಇಷ್ಟೆಲ್ಲ?"

ಎಲ್ಲವೂ ಗೊತ್ತಿತ್ತು ಅವಳಿಗೆ. ಶಶಿ ನನ್ನ ತಟ್ಟೆಯನ್ನೇ ನೋಡುತ್ತಿದ್ದ. ಎಷ್ಟು ವರ್ಷದಿಂದ ಕಾದಿದ್ದೆ ಆ ನೋಟಕ್ಕೆ! ಕಾಲನ್ನು ಎತ್ತಿ ಬಾಯಿ ತೆರೆದೆ. ಕಿವಿಯಿಂದ ನೆತ್ತಿಯವರೆಗೆ ಚಳುಕು ಹೊಡೆಯಿತು, ದವಡೆ ಅಲುಗಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದೆ. ಅನ್ನದ ಅಗುಳು ತೂರುವಷ್ಟು ಮಾತ್ರ ಬಾಯಿ ಬಿಟ್ಟಿತು.

ಕೊನೆಗೆ ನನ್ನ ಕೈಯಾರೆ ಕಾಲನ್ನು ಶಶಿಯ ತಟ್ಟೆಗೆ ಹಾಕಿದೆ. ಅವನು ಮೂಳೆ ಚೀಪತೊಡಗಿದ. ಈ ಸಲ ಆ ಸದ್ದು ನನಗೆ ಒಂದೇ ಕಿವಿಗೆ ಕೇಳಿಸಿತು.